ಬರೀ ಲಾಕರ್ ಇದ್ದರೆ ಬ್ಯಾಂಕ್ ಆಗೋಲ್ಲ

ಬ್ಯಾಂಕ್ ಅನ್ನೋ ಪದ ಎಲ್ಲಿ ಕೇಳಿದರೂ ನನ್ನ ಕಿವಿ ನೆಟ್ಟಗಾಗುತ್ತೆ, ವೃತ್ತಿಯ ಚಾಳಿ. ಓದಿದ್ದು ಬಿ.ಕಾಂ. ಆದರೂ ಬಯೋಬ್ಯಾಂಕ್ ಬಗ್ಗೆ ಕುತೂಹಲ. ನಾನಿರುವ ಖರಾಡಿಯಿಂದ ಊರು ದಾಟಿದರೆ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಆವರಣ. ಅಲ್ಲಿನ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಜೀವಕೋಶಗಳನ್ನು ಕಾಪಿಟ್ಟು ದೇಶದ ಪ್ರಯೋಗಾಲಯಗಳಿಗೆ ಕೊಡುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಂತೂ 1995ರಿಂದ ಮಿದುಳಿನ ಬ್ಯಾಂಕೇ ಇದೆ. ತೀರಿಹೋದವರ ಮನೆಯವರು ದುಃಖದ ನಡುವೆಯೂ ಒಪ್ಪಿ ಕೊಟ್ಟ ಠೇವಣಿ ಅದು.

ಇಟ್ಟದ್ದು ಕೆಡದೆ ವಾಪಸ್ ಬರಬೇಕಲ್ಲ? ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಜೀವಕೋಶವನ್ನು ತೀರಾ ಬೇಗ ತಣಿಸಿದರೆ ಒಳಗೇ ಮಂಜಿನ ಹರಳು. ತೀರಾ ನಿಧಾನವಾದರೆ ನೀರೆಲ್ಲ ಹೊರಹೋಗಿ ಕೋಶ ಸೊರಗುತ್ತೆ. ಈ ಎರಡು ಪೆಟ್ಟುಗಳ ಲೆಕ್ಕವನ್ನು ಪೀಟರ್ ಮೇಜರ್ ಮತ್ತು ಸಂಗಡಿಗರು 1972ರಲ್ಲಿ ಮುಂದಿಟ್ಟರು. ಎಷ್ಟೋ ಬಗೆಯ ಪ್ರಾಣಿಕೋಶಗಳನ್ನು ರಕ್ಷಕ ದ್ರವ ಬೆರೆಸಿ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಇದರ ಹಿಂದಿರುವುದು ಜೀವಭೌತಶಾಸ್ತ್ರ, ಅಂದರೆ ಜೀವಿಗಳನ್ನು ಭೌತಶಾಸ್ತ್ರದ ಕಣ್ಣಲ್ಲಿ ನೋಡುವ ವಿದ್ಯೆ.

ಬ್ಯಾಂಕೂ ಸಾಲ ತೀರಿಸುತ್ತೆ. ಆಲ್‌ಝೈಮರ್ಸ್ ಆಗಿ ತೀರಿಕೊಂಡವರೊಬ್ಬರ ಮಿದುಳಿನಿಂದ ತೆಗೆದ ಟಾವ್ ಪ್ರೋಟೀನಿನ ಎಳೆಗಳ ರಚನೆಯನ್ನು 2017ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿದರು. ಹೆಪಾರಿನ್ ಸೇರಿಸಿ ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ ಎಳೆಗಳ ರಚನೆಯೇ ಬೇರೆ ಎಂದು 2019ರಲ್ಲಿ ಗೊತ್ತಾಯಿತು. ಮನುಷ್ಯರ ಮಿದುಳು ಸಿಗದಿದ್ದರೆ ಈ ವ್ಯತ್ಯಾಸ ತಿಳಿಯುತ್ತಿತ್ತೇ?

ಅದಕ್ಕೇ ನನ್ನದೊಂದು ಬ್ಯಾಂಕಿನವನ ಸಲಹೆ. ಪ್ರತಿ ಮಾದರಿಗೂ ಪಾಸ್‌ಬುಕ್ ಇರಲಿ: ಸಾವಾದ ಎಷ್ಟು ಹೊತ್ತಿಗೆ ತೆಗೆದದ್ದು, ಯಾವ ವೇಗದಲ್ಲಿ ತಣಿಸಿದ್ದು, ಎಷ್ಟು ಸಲ ಕರಗಿಸಿದ್ದು. ಈ ಎಂಟ್ರಿ ಇಲ್ಲದಿದ್ದರೆ ಕಾಣುವ ಹಾನಿ ರೋಗದ್ದೋ ಫ್ರೀಜರಿನದ್ದೋ ಹೇಳೋದು ಕಷ್ಟ. ಹೊಸ ಬಯೋಬ್ಯಾಂಕ್ ಕಟ್ಟುವಾಗ ಜೀವಭೌತಶಾಸ್ತ್ರಜ್ಞರನ್ನು ಮೊದಲ ದಿನವೇ ಕೂರಿಸಿಕೊಳ್ಳಲಿ, ಒಂದಿಷ್ಟು ಮಾದರಿಯನ್ನು ಕಾಲಕಾಲಕ್ಕೆ ತೆಗೆದು ಪರೀಕ್ಷಿಸಲು ಮೀಸಲಿಡಲಿ. ಖರ್ಚು ಹೆಚ್ಚುತ್ತೆ, ಒಪ್ಪಿದೆ. ಫ್ರೀಜರ್ ಕೊಳ್ಳಲು ಮಂಜೂರಾತಿ ಸಲೀಸು, ಅಳತೆ ಮಾಡುವವರ ಸಂಬಳಕ್ಕೆ ಕೈ ಹಿಡಿತ ಅನ್ನೋದು ನಮ್ಮ ಜನರ ಹಳೇ ಗುಣ. ಆದರೆ ಮಿದುಳನ್ನು ಕೊಟ್ಟ ಮನೆಯವರು ಅದನ್ನು ಎರಡನೇ ಸಲ ಠೇವಣಿ ಇಡಲಾರರು. ನೀವೇನಂತೀರಿ?