ವಚನಕ್ಕೊಂದು ಎಕ್ಸ್‌ಎಂಎಲ್ ಎಡಿಟರ್
ಊರೂರು ಅಲೆದು ವಚನಗಳ ಓಲೆಗರಿ ಕೂಡಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದರು. ಅವರು ಬಾಳಿದ ವಿಜಯಪುರದಲ್ಲಿ, ಇಬ್ರಾಹಿಂಪುರದ ಮನೆಯೊಂದರಲ್ಲಿ ಕೂತು ವಚನಗಳ ಆ್ಯಪ್ ಕಟ್ಟಹೊರಡುವ ಹುಡುಗ ಹುಡುಗಿಯರು ಮೊದಲು ಒಳ್ಳೆಯ ಎಕ್ಸ್‌ಎಂಎಲ್ ಎಡಿಟರ್ ಆರಿಸಿಕೊಳ್ಳಲಿ. ವಚನಕಾರ, ಅಂಕಿತ, ಪಾಠಾಂತರಗಳನ್ನು ಟ್ಯಾಗ್ ಹಾಕಿ ಬೇರೆಬೇರೆಯಾಗಿ ಗುರುತಿಸಿಡಲು ಎಕ್ಸ್‌ಎಂಎಲ್‌ನಷ್ಟು ಅನುಕೂಲದ್ದು ನನಗೆ ಕಂಡಿಲ್ಲ. ಟ್ಯಾಗ್‌ಗಳ ಹೆಸರನ್ನೂ ಕನ್ನಡದಲ್ಲೇ ಇಡಬಹುದು, 1998ರ ಮೊದಲ ಆವೃತ್ತಿಯಿಂದಲೇ ಅದಕ್ಕೆ ಅವಕಾಶವಿದೆ. ಆದರೆ ‘ಅಂಕಿತ’ ಎಂದು ತೆರೆದ ಟ್ಯಾಗನ್ನು ಮುಚ್ಚಲು ಮರೆತಿರೋ, ಕಡತ ಓದುವ ತಂತ್ರಾಂಶವಾದ ಪಾರ್ಸರ್ ಇಡೀ ಕಡತವನ್ನೇ ತಿರಸ್ಕರಿಸುತ್ತದೆ. ಹಾಗಾಗಿ ಟೈಪ್ ಮಾಡುತ್ತಿದ್ದಂತೆಯೇ ಆ ಸಾಲಿಗೆ ಕೆಂಪು ಗೆರೆ ಎಳೆಯುವ ಎಡಿಟರೇ ಬೇಕು. ಕಡತದಲ್ಲಿ ಏನೇನಿರಬೇಕೆಂದು ಹೇಳುವ ಸ್ಕೀಮಾ ಕೊಟ್ಟರೆ, ವಚನಕಾರರ ಹೆಸರಿಲ್ಲದ ವಚನವನ್ನೂ ಹಿಡಿದುಕೊಡಬೇಕು. ಕನ್ನಡದವರಿಗೆ ಇನ್ನೊಂದು ಪರೀಕ್ಷೆಯೂ ಇದೆ: ‘ರ‍್ಯ’ದೊಳಗೆ ಕಣ್ಣಿಗೆ ಕಾಣದೆ ಕೂತಿರುವ ಜೀರೊ ವಿಡ್ತ್ ಜಾಯ್ನರ್ ಅಥವಾ ಝಡ್‌ಡಬ್ಲ್ಯುಜೆ ಚಿಹ್ನೆಯನ್ನು ಎಡಿಟರ್ ತೋರಿಸುತ್ತದೆಯೇ? ಆ ಚಿಹ್ನೆ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲವಾದರೆ ಹುಡುಕುವಾಗ ಒಂದೇ ಪದ ಎರಡಾಗುತ್ತದೆ, ವಚನ ಕೈಗೆ ಸಿಗುವುದಿಲ್ಲ. ದುಡ್ಡು ಕೊಟ್ಟು ಆಕ್ಸಿಜನ್ ಎಂಬ ಎಡಿಟರ್ ಕೊಳ್ಳುವ ಮೊದಲು, ಉಚಿತವಾಗಿ ಸಿಗುವ ವಿಎಸ್ ಕೋಡ್‌ಗೆ ರೆಡ್ ಹ್ಯಾಟ್‌ನ ಎಕ್ಸ್‌ಎಂಎಲ್ ಎಕ್ಸ್‌ಟೆನ್ಷನ್ ಹಾಕಿಕೊಂಡು ಕೆಲಸ ಶುರುಮಾಡಿ.