ನೇತ್ರದಾನವೂ ಶೈತ್ಯದ ಮಿತಿಯೂ

ಅನ್ನದಾನ, ವಿದ್ಯಾದಾನಗಳಿಗೆ ನಾಳೆಯೆಂಬುದುಂಟು, ನೇತ್ರದಾನಕ್ಕಿಲ್ಲ. ನಮ್ಮ ಮೂಗೂರಿನಂಥ ಊರುಗಳಲ್ಲಿ ದೂರದ ಬಂಧುಗಳ ಬರವಿಗಾಗಿ ಪಾರ್ಥಿವ ಶರೀರವನ್ನು ಶೈತ್ಯಪೆಟ್ಟಿಗೆಯಲ್ಲಿರಿಸಿ, ಕಣ್ಣುಗಳನ್ನು ಆಮೇಲೆ ಕೊಟ್ಟರಾಯಿತೆಂದು ಭಾವಿಸುವುದು ಸಲ್ಲದು. ಮರಣಾನಂತರ ಸುಮಾರು 6 ಗಂಟೆಗಳೊಳಗೆ ಅವನ್ನು ತೆಗೆಯಬೇಕು. ಬಳಿಕ ಪೋಷಕದ್ರವದಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ ಕಾರ್ನಿಯಾ ದ್ರವದ ಬಗೆಗನುಸಾರವಾಗಿ 4ರಿಂದ 14 ದಿನ ಬಾಳುತ್ತದೆ. ಹೆಪ್ಪುಗಟ್ಟಿಸಿದರೋ, ಹಿಮದ ಹರಳುಗಳು ಒಳಪದರದ ಜೀವಕೋಶಗಳನ್ನು ಕೆಡಿಸುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟವು. ಅವಿಲ್ಲದ ಕಾರ್ನಿಯಾ ನೀರೂರಿ ಮಬ್ಬಾಗುತ್ತದೆ. ತಂಪು ರಕ್ಷಕ, ಹೆಪ್ಪು ಭಕ್ಷಕ.

2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದುವು. ಶೋಕದ ನಡುವೆಯೂ ಮನೆಯವರು ಕರ್ತವ್ಯವನ್ನು ಮರೆಯಲಿಲ್ಲ. ಆದುದರಿಂದ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಸಂಕಲ್ಪಪತ್ರಕ್ಕೆ ರುಜು ಹಾಕಿದರಷ್ಟೆ ಸಾಲದು, ಮನೆಮಂದಿಗೂ ತಿಳಿಸಿಡಬೇಕು. ಸಾವಿನ ಮನೆಯಿಂದ ಮೊದಲ ಕರೆ ನೇತ್ರಭಂಡಾರಕ್ಕೆ ಹೋಗಲಿ, ಬಂಧುಗಳಿಗೆ ಅನಂತರ.