ಫುಟ್‌ಪಾತಿನ ಮೇಲೆ ನಂಬರಿಲ್ಲದ ವೇಗ

ಬೆಂಗಳೂರಿನ ರಸ್ತೆ, ಸಂಚಾರ, ಸಾರಿಗೆಯ ಹೊಣೆ ಹೊತ್ತ ಮಾನ್ಯರೇ,

ಶಿವಾಜಿನಗರದಿಂದ ಕೆ.ಆರ್.ಪುರದವರೆಗೆ ದಿನವೂ ನಡೆದು ಓಡಾಡುವವರ ಪರವಾಗಿ ಈ ಪತ್ರ. ಇದನ್ನು ಓದುವ ಹೆಚ್ಚಿನವರಿಗೆ ವಿಷಯ ಹೊಸದಲ್ಲ. ಹಿಂದಿನಿಂದ ಸದ್ದಿಲ್ಲದೆ ನುಗ್ಗಿದ ಬ್ಯಾಟರಿ ಸ್ಕೂಟರಿಗೆ ಕಾಂಪೌಂಡ್ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟವರೇ ನಾವೆಲ್ಲ.

ಪೆಟ್ರೋಲ್ ಬೈಕುಗಳು ಫುಟ್‌ಪಾತ್ ಹತ್ತುವುದು ಈ ಊರಿನ ಹಳೆಯ ಪಿಡುಗು. ಅದು ವಾಸಿಯಾಗುವ ಮೊದಲೇ ಈಗ ಇನ್ನೊಂದು ಸೇರಿಕೊಂಡಿದೆ. ಪೆಟ್ರೋಲ್ ಬೈಕಿಗೆ ಸದ್ದಾದರೂ ಇತ್ತು, ಕಿವಿ ಎಚ್ಚರಿಸುತ್ತಿತ್ತು. ಹಿಂದೆ ನಂಬರ್ ಪ್ಲೇಟ್ ಇತ್ತು, ಓಡಿಸುವವನ ಜೇಬಿನಲ್ಲಿ ಲೈಸೆನ್ಸ್ ಇರಬೇಕಿತ್ತು. ಬಾಡಿಗೆಗೆ ಸಿಗುವ, ಡೆಲಿವರಿಗೆ ಓಡುವ ಸಣ್ಣ ಬ್ಯಾಟರಿ ಗಾಡಿಗಳಲ್ಲಿ ಬಹುಪಾಲಿಗೆ ಈ ಮೂರೂ ಇಲ್ಲ.

ಎಲ್ಲಿ ಎಂದು ನೀವು ಕೇಳಬಹುದು. ಹಳೇ ಮದ್ರಾಸ್ ರಸ್ತೆಯಲ್ಲಿ ನೋಡಿ. ನಡುವೆ ಉದ್ದಕ್ಕೂ ಮೀಡಿಯನ್, ಯು-ಟರ್ನ್ ದೂರ. ಅಲ್ಲಿಯವರೆಗೆ ಹೋಗಿ ಬರುವುದಕ್ಕಿಂತ ಫುಟ್‌ಪಾತ್ ಹತ್ತಿ ಎದುರು ದಿಕ್ಕಿಗೆ ಹೊಡೆಯುವುದು ಸುಲಭ. ಇಂದಿರಾನಗರದ ನೂರಡಿ ರಸ್ತೆ, ಸಿ.ಎಂ.ಎಚ್. ರಸ್ತೆಗಳಲ್ಲಿ ಹೋಟೆಲು, ಅಂಗಡಿಗಳ ಮುಂದೆಯೇ ಪಾರ್ಸೆಲ್ ಗಾಡಿಗಳು ಹತ್ತಿ ಇಳಿಯುತ್ತವೆ. ಹಲಸೂರಿನ ಹಳೆಯ ಬೀದಿಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಕೆಳಗಿಳಿಯಬೇಕು. ಅಂಥ ಕಡೆಯೂ ಗಾಡಿಗೆ ಜಾಗ ಬೇಕು. ಶಿವಾಜಿನಗರದಲ್ಲಿ ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆ ಒಂದಕ್ಕೊಂದು ಅಂಟಿಕೊಂಡಿವೆ. ಮೂಟೆ ಹೊತ್ತವರೂ ರೋಗಿಗಳೂ ನಡೆಯುವುದು ಒಂದೇ ಫುಟ್‌ಪಾತಿನ ಮೇಲೆ. ಕೆ.ಆರ್.ಪುರದ ತೂಗುಸೇತುವೆಯ ಕೆಳಗೆ ಮೆಟ್ರೊ ಇಳಿದು ರೈಲಿಗೆ, ರೈಲು ಇಳಿದು ಬಸ್ಸಿಗೆ ಓಡುವ ಜನರ ನಡುವೆಯೇ ಈ ಗಾಡಿಗಳೂ ತೂರುತ್ತವೆ.

ಸೈಕಲ್ ತುಳಿಯುವವರ ಪಾಡೂ ಇದೇ. 2020ರಲ್ಲಿ ಹೊರ ವರ್ತುಲ ರಸ್ತೆಯ ಅಂಚಿನಲ್ಲಿ ಕಂಬ ನೆಟ್ಟು ಸೈಕಲ್ಲಿಗೆಂದೇ ಪಥ ಬಿಟ್ಟಿದ್ದರು. ಬೈಕುಗಳು ಅದರೊಳಗೂ ನುಗ್ಗಿದವು, ಕಂಬಗಳು ಮುರಿದವು. ಮೆಟ್ರೊ ಕಾಮಗಾರಿ ಬಂದ ಮೇಲೆ ಉಳಿದದ್ದೂ ಬಹುಮಟ್ಟಿಗೆ ಅಳಿಸಿಹೋಯಿತು. ಮಾಡಿದ್ದನ್ನು ಕಾಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ದೂರಿಗೆ ಮೊದಲು ಬರುವ ಉತ್ತರ: "ಅದು ನಿಧಾನದ ಗಾಡಿ, ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ." ಕೇಂದ್ರ ಮೋಟಾರು ವಾಹನ ನಿಯಮಗಳು ಹಾಗೆ ಹೇಳುವುದು ನಿಜ. ಮೋಟಾರಿನ ಶಕ್ತಿ 250 ವಾಟ್, ವೇಗ ಗಂಟೆಗೆ 25 ಕಿ.ಮೀ., ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. — ಈ ಮಿತಿಯೊಳಗಿನ ಬ್ಯಾಟರಿ ಗಾಡಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ, ವಿಮೆ ಬೇಡ.

ಆದರೆ 25 ಕಿ.ಮೀ. ನಿಧಾನವಾಗುವುದು ರಸ್ತೆಯ ಮೇಲೆ, ಫುಟ್‌ಪಾತಿನ ಮೇಲಲ್ಲ. ಆ ವೇಗದ ಗಾಡಿ ಸೆಕೆಂಡಿಗೆ ಸುಮಾರು 7 ಮೀಟರ್ ಮುಂದೆ ಬರುತ್ತದೆ. ವಯಸ್ಸಾದವರೊಬ್ಬರು ತಿರುಗಿ ನೋಡುವುದರೊಳಗೆ ಅದು ಮೈಮೇಲೆ ಇರುತ್ತದೆ. ರಸ್ತೆ ನಿರ್ಮಾಣದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್, ಮರ, ತಳ್ಳುಗಾಡಿ, ಕೇಬಲ್ ಸುರುಳಿಗಳನ್ನು ಕಳೆದ ಮೇಲೆ ಅಷ್ಟು ಎಲ್ಲಿ ಉಳಿದಿದೆ, ನೀವೇ ಟೇಪ್ ಹಿಡಿದು ಅಳೆಯಿರಿ.

ಇನ್ನು 25ರ ಮಿತಿಯಾದರೂ ಉಳಿದಿದೆಯೇ? ವೇಗದ ಲಾಕ್ ತೆಗೆಸಿದರೆ ಅದೇ ಗಾಡಿ 40ರ ಹತ್ತಿರ ಓಡಬಲ್ಲದು. 25ರಿಂದ 40ಕ್ಕೆ ಏರಿದರೆ ಡಿಕ್ಕಿಯ ಹೊಡೆತ ಎರಡೂವರೆ ಪಟ್ಟು ಹೆಚ್ಚುತ್ತದೆ. ಇದು ಶಾಲೆಯ ಭೌತಶಾಸ್ತ್ರದ ಲೆಕ್ಕ. ಮಿತಿ ದಾಟಿದ ಕ್ಷಣದಿಂದ ಆ ಗಾಡಿಗಿದ್ದ ವಿನಾಯಿತಿಯೂ ಮುಗಿಯಿತು. ಆಗ ಅದು ಮೋಟಾರು ವಾಹನವೇ. ನೋಂದಣಿ, ಲೈಸೆನ್ಸ್, ವಿಮೆ, ಹೆಲ್ಮೆಟ್ ಎಲ್ಲವೂ ಬೇಕು. ಆದರೆ ಫುಟ್‌ಪಾತಿನಲ್ಲಿ ಅದನ್ನು ನಿಲ್ಲಿಸಿ ಪರೀಕ್ಷಿಸುವವರು ಯಾರು?

ಪೆಟ್ಟು ತಿಂದವರ ಗತಿ ಕೇಳಿ. ಗಾಡಿಗೆ ವಿಮೆಯಿಲ್ಲ, ಆದ್ದರಿಂದ ಪರಿಹಾರ ಕೇಳುವ ಮಾಮೂಲಿ ದಾರಿಯಿಲ್ಲ. ನಂಬರಿಲ್ಲ, ಆದ್ದರಿಂದ ಸಿಗ್ನಲಿನ ಕ್ಯಾಮೆರಾಕ್ಕೆ ಅದು ಕಂಡರೂ ಕಾಣದಂತೆ. ಮೊಬೈಲಿನಲ್ಲಿ ದೂರು ಕೊಡಲು ಹೋದರೆ ವಾಹನದ ಸಂಖ್ಯೆ ನಮೂದಿಸಿ ಎನ್ನುತ್ತದೆ. ಇಲ್ಲದ ಸಂಖ್ಯೆಯನ್ನು ನಾವು ಎಲ್ಲಿಂದ ತರೋಣ?

ಹೆಚ್ಚು ನೋಯುವವರು ಯಾರು ಎಂಬುದನ್ನೂ ಹೇಳಬೇಕು. ಮಂಡಿ ನೋವಿನ ಅಜ್ಜಿಗೆ ಪಕ್ಕಕ್ಕೆ ಹಾರಲು ಬರುವುದಿಲ್ಲ. ಮಗುವಿನ ಕೈಹಿಡಿದ ತಾಯಿಗೆ ಆ ಕೈ ಬಿಡುವುದೋ ಎಳೆಯುವುದೋ ತಿಳಿಯುವುದಿಲ್ಲ. ಕಣ್ಣು ಕಾಣದವರು ಮೆಟ್ರೊ ನಿಲ್ದಾಣದ ಹೊರಗಿನ ಉಬ್ಬುಗೆರೆಯ ಹಳದಿ ಟೈಲ್ಸ್ ನಂಬಿ, ಕಿವಿ ನಂಬಿ ಹೆಜ್ಜೆಯಿಡುತ್ತಾರೆ. ಸದ್ದಿಲ್ಲದ ಗಾಡಿ ಆ ಎರಡನೆಯ ನಂಬಿಕೆಯನ್ನು ಕಿತ್ತುಕೊಂಡಿದೆ. ವಿದ್ಯುತ್ ಕಾರುಗಳು ನಿಧಾನವಾಗಿ ಚಲಿಸುವಾಗ ಎಚ್ಚರಿಕೆಯ ಸದ್ದು ಮಾಡಲೇಬೇಕೆಂದು ಯುರೋಪಿನ ದೇಶಗಳು 2019ರಿಂದಲೇ ಕಡ್ಡಾಯ ಮಾಡುತ್ತ ಬಂದಿವೆ. ನಮ್ಮ ಫುಟ್‌ಪಾತಿನ ಎರಡು ಚಕ್ರದ ಗಾಡಿಯ ಬಗ್ಗೆ ಯಾರೂ ಯೋಚಿಸಿದಂತಿಲ್ಲ.

ಡೆಲಿವರಿ ಹುಡುಗರ ಮೇಲೆ ನಮಗೆ ಹಗೆಯಿಲ್ಲ. ಬಿಸಿಲು, ಮಳೆ ಎನ್ನದೆ ದುಡಿಯುವ ಅವರಿಗೆ ನಿಮಿಷಗಳ ಲೆಕ್ಕ ಕಟ್ಟಿ ಕಳಿಸುವವರು ಬೇರೆ. ಬಾಗಿಲಿಗೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬರಲಿ ಎಂದು ಬಯಸುವ ನಾವೂ ಆ ಗಡಿಬಿಡಿಯಲ್ಲಿ ಪಾಲುದಾರರು. ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾನೂನನ್ನೇ ತಂದಿತು; ಅದು ಒಳ್ಳೆಯ ಕೆಲಸ. ಆದರೆ ಅವರನ್ನು ಫುಟ್‌ಪಾತಿಗೆ ಅಟ್ಟುವ ಅವಸರಕ್ಕೆ ಮಿತಿ ಹಾಕದೆ, ಸಿಕ್ಕಿಬಿದ್ದ ಹುಡುಗನಿಗಷ್ಟೇ ದಂಡ ಹಾಕಿ ಕೈತೊಳೆದುಕೊಂಡರೆ ಅದು ನ್ಯಾಯವಲ್ಲ.

ಬ್ಯಾಟರಿ ಗಾಡಿಯ ವಿರೋಧಿಗಳೂ ನಾವಲ್ಲ. ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಹೊಗೆಯಿಲ್ಲದ ಗಾಡಿ ನಮಗೂ ಬೇಕು. ಬೇಡವೆನ್ನುತ್ತಿರುವುದು ಅದು ಓಡುತ್ತಿರುವ ಜಾಗ ಮತ್ತು ವೇಗವನ್ನು.

ಕಾನೂನಿನ ಕೊರತೆ ಎನ್ನುವ ನೆಪವೂ ನಿಲ್ಲುವುದಿಲ್ಲ. ಫುಟ್‌ಪಾತ್ ಮತ್ತು ಸೈಕಲ್ ಪಥದ ಮೇಲೆ ಮೋಟಾರು ವಾಹನ ಓಡಿಸುವಂತಿಲ್ಲ ಎಂದು ಚಾಲನಾ ನಿಯಮಗಳು ಹೇಳುತ್ತವೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಓಡಿಸಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೋಟಾರು ವಾಹನವೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ 2025ರ ಮೇ ತಿಂಗಳಲ್ಲಿ ಹೇಳಿತು. ಇದಕ್ಕಿಂತ ಮೇಲಿನ ಮಾತು ಇನ್ನೆಲ್ಲಿಂದ ಬರಬೇಕು?

ಆದರೂ ಮೇಲಿನಿಂದ ಮೌನ. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗೆಂದೇ ರಾಜ್ಯದಲ್ಲಿ ಮಸೂದೆಯೊಂದರ ಕರಡು ಸಿದ್ಧವಾಗಿ ವರ್ಷಗಳು ಉರುಳಿವೆ. ದೂರು ಒಯ್ದರೆ, ಫುಟ್‌ಪಾತ್ ಕಟ್ಟುವವರು ಗಾಡಿ ಹಿಡಿಯುವುದು ನಮ್ಮ ಕೆಲಸವಲ್ಲ ಎನ್ನುತ್ತಾರೆ. ಗಾಡಿ ಹಿಡಿಯುವವರು ನಂಬರ್ ಕೇಳುತ್ತಾರೆ. ನಂಬರ್ ಕೊಡುವವರು ಅದು ನಮ್ಮ ಪಟ್ಟಿಯಲ್ಲೇ ಇಲ್ಲ ಎನ್ನುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ನಗರದ ಒಂದು ಪಾಲಿಕೆ ಐದಾಯಿತು. ಹಲಸೂರಿನಿಂದ ಕೆ.ಆರ್.ಪುರ ತಲುಪುವಷ್ಟರಲ್ಲಿ ಈಗ ಪಾಲಿಕೆ ಬದಲಾಗುತ್ತದೆ, ಅಪಾಯ ಮಾತ್ರ ಬದಲಾಗುವುದಿಲ್ಲ. ಕೇಳಿದ್ದಕ್ಕೆ ಇಲ್ಲವೆಂದರೆ ಜಗಳವಾದರೂ ಆಡಬಹುದು. ಉತ್ತರವನ್ನೇ ಕೊಡದವರ ಮುಂದೆ ನಮ್ಮ ಪ್ರಾಣಕ್ಕೆ ಬೆಲೆಯಿಲ್ಲವೇನೋ ಅನ್ನಿಸಿಬಿಡುತ್ತದೆ.

ಮನಸ್ಸು ಮಾಡಿದ ಊರುಗಳಿವೆ. ಸಿಂಗಪುರ 2019ರ ನವೆಂಬರ್‌ನಲ್ಲಿ ಫುಟ್‌ಪಾತುಗಳ ಮೇಲೆ ವಿದ್ಯುತ್ ಸ್ಕೂಟರ್ ನಿಷೇಧಿಸಿತು. ಊಟ ತಲುಪಿಸುವವರು ಸಂಕಟಕ್ಕೆ ಬಿದ್ದಾಗ, ಬೇರೆ ಬಗೆಯ ಗಾಡಿಗೆ ಬದಲಾಗಲು ಅವರಿಗೆ ಹಣದ ನೆರವನ್ನೂ ಕೊಟ್ಟಿತು. ಪ್ಯಾರಿಸ್ ಜನರ ಮತ ಕೇಳಿ 2023ರ ಸೆಪ್ಟೆಂಬರ್‌ನಿಂದ ಬಾಡಿಗೆ ಸ್ಕೂಟರುಗಳನ್ನೇ ತೆಗೆಯಿತು. ನಮ್ಮ ಬೇಡಿಕೆ ಅಷ್ಟು ದೂರ ಹೋಗುವುದೂ ಇಲ್ಲ.

ಒಂದು, ಬಾಡಿಗೆಗೆ ಮತ್ತು ಡೆಲಿವರಿಗೆ ಓಡುವ ಪ್ರತಿ ಬ್ಯಾಟರಿ ಗಾಡಿಯ ಮೇಲೂ ದೂರದಿಂದ ಓದಬಹುದಾದ ಸಂಖ್ಯೆ ಇರಲಿ. ದೂರು ಬಂದರೆ ಗಾಡಿ ಕೊಟ್ಟ ಸಂಸ್ಥೆ ಉತ್ತರಿಸಲಿ. ಎರಡು, ವೇಗದ ಲಾಕ್ ತೆಗೆದುಕೊಡುವವರನ್ನು ಹುಡುಕಿ ಹಿಡಿಯಿರಿ, ಓಡಿಸುವವನನ್ನಷ್ಟೇ ಅಲ್ಲ. ಮೂರು, ಮೆಟ್ರೊ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಗಳ ಸುತ್ತಲಿನ ಫುಟ್‌ಪಾತಿನಲ್ಲಿ ಸಂಜೆಯ ಹೊತ್ತು ಕಾವಲಿರಲಿ. ನಾಲ್ಕು, ಫುಟ್‌ಪಾತ್ ಹತ್ತುವ ಕಡೆ ತಡೆಗಂಬ ನೆಡುವಾಗ ಗಾಲಿಕುರ್ಚಿಗೆ ದಾರಿ ಉಳಿಯಲಿ. ಐದು, ನಿಧಾನದ ಗಾಡಿಗಳಿಗೆ ರಸ್ತೆಯ ಎಡ ಅಂಚಿನಲ್ಲಿ ಸುರಕ್ಷಿತ ಜಾಗ ಮಾಡಿ. ಬಸ್ಸು, ಲಾರಿಗಳ ಭಯಕ್ಕೇ ಎಷ್ಟೋ ಹುಡುಗರು ಮೇಲೆ ಹತ್ತುತ್ತಾರೆ.

ನಡೆಯುವ ಬಂಧುಗಳೇ, ಇನ್ನು ಮುಂದೆ ಬೈದುಕೊಂಡು ಮನೆಗೆ ಹೋಗುವುದು ಬೇಡ. ಜಾಗ, ಸಮಯ, ಗಾಡಿಯ ಬಣ್ಣ ಬರೆದು ದೂರು ಕೊಡಿ, ಅದರ ಪ್ರತಿ ಇಟ್ಟುಕೊಳ್ಳಿ. ನೂರು ಜನ ಗೊಣಗಿದರೆ ಗಾಳಿಗೆ ಹೋಗುತ್ತದೆ, ನೂರು ಜನ ಬರೆದರೆ ಕಡತವಾಗುತ್ತದೆ.

ಮಾನ್ಯರೇ, ನಿಮ್ಮಿಂದ ಸಹಾನುಭೂತಿಯ ಮಾತು ಬೇಡ. ಫುಟ್‌ಪಾತಿನ ಮೇಲಿನ ಬ್ಯಾಟರಿ ಗಾಡಿಗಳಿಗೆ ಹೊಣೆ ಯಾವ ಕಚೇರಿಯದು, ಯಾವ ತಾರೀಖಿನಿಂದ ಕ್ರಮ ಎಂದು ಬರವಣಿಗೆಯಲ್ಲಿ ತಿಳಿಸಿ. ಹೊಣೆ ನಿಮ್ಮದಲ್ಲ ಎನ್ನುವುದಾದರೆ ಅದನ್ನೂ ಸಹಿ ಹಾಕಿ ಬರೆದುಕೊಡಿ; ಆ ಕಾಗದ ಹಿಡಿದು ಮುಂದೆ ಎಲ್ಲಿಗೆ ಹೋಗಬೇಕೆಂದು ನಮಗೆ ಗೊತ್ತಿದೆ.

ಇಂತಿ,
ಪೂರ್ವ ಬೆಂಗಳೂರಿನ ಒಬ್ಬ ಪಾದಚಾರಿ